ಲೋಹದಲ್ಲಿ ಬಿರುಕು ಮೊದಲಾಗುವ ಬಗೆ



ಹಿಂದಿನ ಕಾಲದಲ್ಲಿ ರಾತ್ರಿಯ ರೈಲುಬಂಡಿಯಲ್ಲಿ ಪ್ರಯಾಣಮಾಡಿದ ಹಿರಿಯರು ಒಂದು ಶಬ್ದವನ್ನು ಮರೆತಿರಲಾರರು. ಬಂಡಿಯು ದೊಡ್ಡ ನಿಲ್ದಾಣವೊಂದರಲ್ಲಿ ನಿಂತಿರುವುದು. ಒಳಗಿನವರೆಲ್ಲರೂ ಮುಸುಕೆಳೆದು ಮಲಗಿರುವರು. ಆಗ ಹೊರಗೆ ಕಂದೀಲು ಹಿಡಿದ ಆಳೊಬ್ಬನು ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಗಾಲಿಯನ್ನು ಬಡಿಯುತ್ತ ಬರುವನು. ಟಣ್, ಟಣ್ ಎಂಬ ಆ ನಾದವು ಹತ್ತಿರ ಬಂದು, ನಮ್ಮ ತಲೆದಿಂಬಿನ ಕೆಳಗೇ ಒಮ್ಮೆ ಮೊಳಗಿ, ಮತ್ತೆ ದೂರವಾಗುವುದು. ಕುಂಬಾರನ ಅಂಗಡಿಯಲ್ಲಿ ಗೃಹಿಣಿಯು ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವುದೂ ಇದೇ ಪರೀಕ್ಷೆಯೇ. ಗಟ್ಟಿಯಾದುದು ನಾದಗೊಡುವುದು, ಬಿರುಕುಬಿಟ್ಟುದು ಒಡಕು ದನಿಗೊಡುವುದು.

ಆ ಆಳು ಹುಡುಕುತ್ತಿದ್ದ ಬಿರುಕೇ ನನ್ನ ಈ ಭಾಷಣದ ವಿಷಯ. ಬಿರುಕು ಬೆಳೆದು ಲೋಹವು ಎರಡು ತುಂಡಾಗುವುದು ಕಥೆಯ ಕೊನೆಯ ಅಂಕ. ಅದನ್ನು ಎಲ್ಲರೂ ನೋಡುವರು; ಮಾರನೆಯ ದಿನದ ಪತ್ರಿಕೆಯಲ್ಲಿ ಓದುವರು. ನಾನು ಹೇಳಬೇಕೆಂದಿರುವುದು ಯಾರೂ ನೋಡದ ಮೊದಲನೆಯ ಅಂಕವನ್ನು. ನಿನ್ನೆಯವರೆಗೆ ಬಿರುಕಿಲ್ಲದೆ ಇದ್ದ ಗಟ್ಟಿ ಉಕ್ಕಿನಲ್ಲಿ ಬಿರುಕು ಎಲ್ಲಿಂದ ಹುಟ್ಟುವುದು? ಹೊತ್ತ ಹೊರೆ ಹೆಚ್ಚಾದುದರಿಂದಲೇ ಹುಟ್ಟುವುದೇ? ಹಾಗಾದರೆ ಹತ್ತು ವರ್ಷ ಅದೇ ಹೊರೆಯನ್ನು ಹೊತ್ತ ಅಚ್ಚು ಹನ್ನೊಂದನೆಯ ವರ್ಷ ಒಂದು ದಿನ ಏಕೆ ಮುರಿಯಬೇಕು?

ಈ ಪ್ರಶ್ನೆಯನ್ನು ಜಗತ್ತು ಗಂಭೀರವಾಗಿ ಕೇಳಿಕೊಂಡುದು ಒಂದು ದುರಂತದ ತರುವಾಯ. ೧೮೪೨ನೆಯ ಇಸವಿ ಮೇ ತಿಂಗಳು ೮ನೆಯ ತಾರೀಖು, ಭಾನುವಾರ. ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ಉದ್ಯಾನದಲ್ಲಿ ಲೂಯಿ ಫಿಲಿಪ್ ದೊರೆಯ ಗೌರವಾರ್ಥವಾಗಿ ಉತ್ಸವ ನಡೆದಿತ್ತು. ಕಾರಂಜಿಗಳನ್ನು ನೋಡಿ ಸಂತೋಷಪಟ್ಟ ಜನರು ಸಂಜೆ ಪ್ಯಾರಿಸಿಗೆ ಹಿಂದಿರುಗುವ ರೈಲನ್ನು ತುಂಬಿಕೊಂಡರು. ಜನ ಹೆಚ್ಚಾದುದರಿಂದ ಮುಂದೆ ಎರಡು ಇಂಜಿನುಗಳನ್ನು ಹೂಡಿದ್ದರು. ಚಲಿಸುವ ಬಂಡಿಯಿಂದ ಯಾರೂ ಕೆಳಕ್ಕೆ ಬೀಳದಿರಲೆಂದು ಗಾಡಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕುವುದು ಆಗಿನ ಪದ್ಧತಿ. ಮ್ಯೂಡಾನ್ ಎಂಬಲ್ಲಿ ಮುಂದಿನ ಇಂಜಿನಿನ ಅಚ್ಚು ಮುರಿಯಿತು. ಹಿಂದಿನ ಇಂಜಿನು ಅದರ ಮೇಲೇರಿತು. ಮರದ ಗಾಡಿಗಳು ಒಂದರ ಮೇಲೊಂದು ಬಿದ್ದುವು. ಒಲೆಯ ಕೆಂಡ ಚೆಲ್ಲಿ ಬೆಂಕಿ ಹತ್ತಿಕೊಂಡಿತು. ಬಾಗಿಲುಗಳಿಗೆ ಬೀಗ. ಸತ್ತವರು ಐವತ್ತಕ್ಕೂ ಮೇಲ್ಪಟ್ಟವರು. ಕೆಲವರ ಎಣಿಕೆಯಲ್ಲಿ ಅದಕ್ಕೂ ಬಹಳ ಹೆಚ್ಚು. ದಕ್ಷಿಣ ಧ್ರುವದ ಹಿಮಸಮುದ್ರವನ್ನು ಹಾಯಿಹಡಗಿನಲ್ಲಿ ಹೊಕ್ಕು ಬದುಕಿ ಬಂದಿದ್ದ ಡ್ಯುಮಾನ್ ಡರ್ವಿಲ್ ಎಂಬ ಪ್ರಸಿದ್ಧ ನಾವಿಕನು, ಮನೆಗೆ ಹಿಂದಿರುಗುವ ಆ ಪುಟ್ಟ ಪ್ರಯಾಣದಲ್ಲಿ ಹೆಂಡತಿ ಮಗನೊಡನೆ ಬೆಂದುಹೋದನು.

ಬೀಗ ಹಾಕುವ ಪದ್ಧತಿಯನ್ನು ಕೈಬಿಟ್ಟರು. ಅದು ಸುಲಭವಾದ ತಿದ್ದುಪಾಟು. ಆದರೆ ಅಚ್ಚು ಏಕೆ ಮುರಿಯಿತು? ಆಗ ಇಂಜಿನಿಯರುಗಳಲ್ಲಿ ಒಂದು ನಂಬಿಕೆ ಬಲವಾಗಿತ್ತು. ಒಳ್ಳೆಯ ಕಬ್ಬಿಣವು ನಾರುನಾರಾಗಿರುವುದು; ಸದಾ ಅದುರುತ್ತಿದ್ದರೆ ಆ ನಾರು ಅಳಿದು ಒಳಗೆಲ್ಲ ಹರಳುಗಟ್ಟುವುದು; ಹರಳುಗಟ್ಟಿದ ಕಬ್ಬಿಣ ಕಲ್ಲುಸಕ್ಕರೆಯಂತೆ ಪುಡಿಯಾಗುವುದು ಎಂದು ಅವರು ತಿಳಿದಿದ್ದರು. ಮುರಿದ ಮುಖದಲ್ಲಿ ಹೊಳೆಯುವ ಕಣಗಳು ಕಣ್ಣಿಗೆ ಕಾಣುತ್ತಿದ್ದುದರಿಂದ ಈ ಮಾತನ್ನು ಅಲ್ಲಗಳೆಯುವುದು ಕಷ್ಟವಾಗಿತ್ತು. ನಿಜವೇನೆಂದರೆ ಕಬ್ಬಿಣವು ಕುಲುಮೆಯಿಂದ ಹೊರಬಂದ ದಿನವೇ ಹರಳುಗಳ ಸಮೂಹ. ಅದುರಿದ ಮಾತ್ರಕ್ಕೆ ಅದು ಹೊಸದಾಗಿ ಹರಳುಗಟ್ಟುವುದಿಲ್ಲ. ಮುರಿದಾಗ ಆ ಹರಳುಗಳು ಕಾಣುವುವು, ಅಷ್ಟೆ. ಆದರೂ ಮೋಟಾರು ರಿಪೇರಿಯ ಕೆಲವು ಅಂಗಡಿಗಳಲ್ಲಿ ಈ ಹಳೆಯ ಮಾತು ಇನ್ನೂ ಕಿವಿಗೆ ಬೀಳುವುದುಂಟು.

ಮಾರನೆಯ ವರ್ಷ, ೧೮೪೩ರಲ್ಲಿ, ಸ್ಕಾಟ್ಲೆಂಡಿನ ರ್‍ಯಾಂಕಿನ್ ಎಂಬ ಇಪ್ಪತ್ತೆರಡು ವರ್ಷದ ತರುಣನು ಲಂಡನ್ನಿನ ಇಂಜಿನಿಯರುಗಳ ಸಂಸ್ಥೆಗೆ ಒಂದು ಲೇಖನವನ್ನು ಒಪ್ಪಿಸಿದನು. ಮುಂದೆ ಉಷ್ಣಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದವನು ಈತನೇ. ಮುರಿದ ಅಚ್ಚುಗಳನ್ನು ಈತನು ತಾಳ್ಮೆಯಿಂದ ನೋಡಿದ್ದನು. ಅಚ್ಚು ದಪ್ಪದಿಂದ ಸಣ್ಣಕ್ಕೆ ತಿರುಗುವ ಕುತ್ತಿಗೆಯ ಮೂಲೆಯಲ್ಲಿ ಸುತ್ತಲೂ ಒಂದು ನಯವಾದ ಸೀಳು ಇರುತ್ತಿತ್ತು; ಅದು ಸುಮಾರು ಅರ್ಧ ಅಂಗುಲ ಒಳಕ್ಕೆ ಸಾಗಿರುತ್ತಿತ್ತು; ನಡುವೆ ಉಳಿದ ತಿರುಳು ಮಾತ್ರ ಒರಟಾಗಿ, ಒಮ್ಮೆಗೇ ಹರಿದಂತೆ ತೋರುತ್ತಿತ್ತು. ಹಾಗೆಂದರೆ ಅಚ್ಚು ಒಂದು ಕ್ಷಣದಲ್ಲಿ ಮುರಿದುದಲ್ಲ. ಬಹುದಿನಗಳಿಂದ ಸುತ್ತಲೂ ಸೀಳುತ್ತ ಬಂದು, ಉಳಿದ ತಿರುಳು ಹೊರೆಯನ್ನು ತಾಳಲಾರದ ದಿನ ಕೈಬಿಟ್ಟಿದೆ. ಆ ಮೂಲೆಯನ್ನು ನೇರವಾಗಿ ಕಡಿಯದೆ ಅಗಲವಾದ ಬಳುಕಿನಿಂದ ದುಂಡಗೆ ಮಾಡಿರೆಂದು ರ್‍ಯಾಂಕಿನ್ ಹೇಳಿದನು. ಅದಕ್ಕೆ ಆತನು ಕೊಟ್ಟ ಕಾರಣ ಕಬ್ಬಿಣದ ನಾರು ತುಂಡಾಗಬಾರದೆಂಬುದು. ನಾವು ಈಗ ಕೊಡುವ ಕಾರಣ ಬೇರೆ. ಆದರೆ ಔಷಧ ಸರಿಯಾಗಿತ್ತು. ವೈದ್ಯಶಾಸ್ತ್ರದಲ್ಲೂ ಇಂತಹ ನಿದರ್ಶನಗಳು ಎಷ್ಟೋ ಉಂಟು.

ಆ ಮೂಲೆಯಲ್ಲಿ ಏನಿದೆ? ಇಲ್ಲಿ ನನ್ನ ಬಳಿ ಕಪ್ಪುಹಲಗೆಯಿಲ್ಲ. ಈ ಯಂತ್ರಕ್ಕೆ ಕಿವಿಯಿದೆಯೇ ಹೊರತು ಕಣ್ಣಿಲ್ಲ. ಆದುದರಿಂದ ತಾವು ಮನಸ್ಸಿನಲ್ಲಿಯೇ ಜವಳಿ ಅಂಗಡಿಗೆ ಬರಬೇಕು. ಹೊಸ ಬಟ್ಟೆಯನ್ನು ಬರಿಗೈಯಿಂದ ಎಳೆದು ಹರಿಯುವುದು ಜಟ್ಟಿಗೂ ಕಷ್ಟ. ವರ್ತಕನು ಏನು ಮಾಡುವನು? ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಎರಡೂ ಕೈಯಿಂದ ಎಳೆದರೆ ಸರ್ರೆಂದು ನೆಟ್ಟಗೆ ಹರಿಯುವುದು. ಬಟ್ಟೆ ಅದೇ, ತೋಳಿನ ಬಲವೂ ಅದೇ. ಕಚ್ಚಿಲ್ಲದಿದ್ದಾಗ ಆ ಬಲವನ್ನು ಸಾವಿರ ಎಳೆಗಳು ಹಂಚಿಕೊಳ್ಳುತ್ತಿದ್ದುವು. ಕಚ್ಚು ಬಿದ್ದಮೇಲೆ, ಕಡಿದುಹೋದ ಎಳೆಗಳ ಪಾಲೆಲ್ಲವೂ ಕಚ್ಚಿನ ಕೊನೆಯಲ್ಲಿರುವ ಒಂದೆರಡು ಎಳೆಗಳ ತಲೆಗೇ ಬೀಳುವುದು. ಅವು ಹರಿದ ಕೂಡಲೇ ಅದು ಮುಂದಿನ ಎಳೆಗಳ ಸರದಿ.

ಲೋಹದಲ್ಲಿಯೂ ಹೀಗೆಯೇ. ಒಂದು ಚದರ ಅಂಗುಲದಷ್ಟು ಲೋಹ ತನ್ನೊಳಗೆ ಹೊರುವ ಬಲವನ್ನು ಶಾಸ್ತ್ರಜ್ಞರು ಪ್ರತಿಬಲವೆಂದು ಕರೆಯುವರು. ಸರಳಿನ ಎರಡು ತುದಿಗಳನ್ನು ಹಿಡಿದೆಳೆದರೆ ಒಳಗೆ ಉಂಟಾಗುವುದು ಎಳೆತ. ಅದುಮಿದರೆ ಉಂಟಾಗುವುದು ಒತ್ತಡ. ನಯವಾದ ಸರಳಿನಲ್ಲಿ ಪ್ರತಿಬಲವು ಎಲ್ಲೆಡೆ ಸಮನಾಗಿ ಹಂಚಿಹೋಗುವುದು. ಆದರೆ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತು ಕೊರೆದು ಎಳೆದರೆ, ತೂತಿನ ಪಕ್ಕದ ಅಂಚಿನಲ್ಲಿ ಎಳೆತವು ದೂರದಲ್ಲಿರುವುದರ ಮೂರು ಪಟ್ಟಾಗುವುದು. ಇದನ್ನು ಜರ್ಮನಿಯ ಕಿರ್ಷ್ ಎಂಬಾತನು ೧೮೯೮ರಲ್ಲಿ ಲೆಕ್ಕಮಾಡಿ ತೋರಿಸಿದನು. ತೂತು ದುಂಡಾಗಿರದೆ ಕಣ್ಣಿನ ಆಕಾರದಲ್ಲಿ ಎಳೆತಕ್ಕೆ ಅಡ್ಡಲಾಗಿದ್ದರೆ ಫಲವು ಇನ್ನೂ ಉಗ್ರವಾಗುವುದು. ಕೇಂಬ್ರಿಜ್ಜಿನ ಇಂಗ್ಲಿಸ್ ಎಂಬ ವಿದ್ವಾಂಸನು ೧೯೧೩ರಲ್ಲಿ ಇದರ ಗಣಿತವನ್ನು ಪ್ರಕಟಿಸಿದನು. ತೂತಿನ ಉದ್ದವು ಅದರ ಅಗಲದ ಹತ್ತರಷ್ಟಿದ್ದರೆ ಕೊನೆಯಲ್ಲಿ ಎಳೆತ ಇಪ್ಪತ್ತೊಂದು ಪಟ್ಟು! ತೂತು ಎಷ್ಟು ದೊಡ್ಡದೆಂಬುದಲ್ಲ, ಅದರ ಕೊನೆ ಎಷ್ಟು ಚೂಪೆಂಬುದೇ ಇಲ್ಲಿ ಮುಖ್ಯ. ಅಚ್ಚಿನ ಕುತ್ತಿಗೆಯ ಚೂಪು ಮೂಲೆ, ಉಳಿಯಿಂದ ಕೊರೆದ ಗುರುತು, ಮೇಲ್ಮೈಯ ಮೇಲಿನ ಒಂದು ಗೀರು, ಇವೆಲ್ಲವೂ ವರ್ತಕನ ಕತ್ತರಿಯ ಕಚ್ಚುಗಳೇ. ಬಿರುಕು ಬಿಟ್ಟ ತಗಡಿಗೆ ಅನುಭವಿಯಾದ ಕಸಬುದಾರನು ಬಿರುಕಿನ ತುದಿಯಲ್ಲಿ ಒಂದು ತೂತು ಕೊರೆಯುವುದನ್ನು ತಾವು ನೋಡಿರಬಹುದು. ಸೀಳಿದ ವಸ್ತುವಿಗೆ ಇನ್ನೊಂದು ತೂತೇ ಎಂದು ನೋಡುವವರಿಗೆ ಆಶ್ಚರ್ಯ. ಆತನು ಮಾಡಿದುದು ಇಷ್ಟೇ: ಚೂಪಾದುದನ್ನು ದುಂಡಗೆ ಮಾಡಿದನು. ಲೋಹವು ಕಡಿಮೆಯಾಯಿತು, ಆದರೂ ಬಿರುಕಿನ ನಡಿಗೆ ಕೆಲಕಾಲವಾದರೂ ನಿಲ್ಲುವುದು.

ಇದರಿಂದ ಬಿರುಕು ಎಲ್ಲಿ ಹುಟ್ಟುವುದೆಂಬುದು ಗೊತ್ತಾಯಿತು. ಯಾವಾಗ ಹುಟ್ಟುವುದೆಂಬುದಕ್ಕೆ ಉತ್ತರ ಸಿಕ್ಕುದು ಜರ್ಮನಿಯ ರೈಲ್ವೆಯಲ್ಲಿ. ಅಲ್ಲಿ ಫ್ರಾಂಕ್‌ಫರ್ಟ್ ಎಂಬ ಹೆಸರಿನ ಎರಡು ಊರುಗಳುಂಟು. ಓಡರ್ ನದಿಯ ದಡದ ಫ್ರಾಂಕ್‌ಫರ್ಟಿನಲ್ಲಿ ಆಗಸ್ಟ್ ವೋಲರ್ ಎಂಬಾತನು ಬಂಡಿಗಳ ಮೇಲ್ವಿಚಾರಕನಾಗಿದ್ದನು. ಈತನ ಕ್ರಮವೇ ಒಂದು ಪಾಠ. ಇತರರು ಅಚ್ಚು ಏಕೆ ಮುರಿಯಿತೆಂದು ವಾದಿಸುತ್ತಿದ್ದಾಗ, ಓಡುವ ಬಂಡಿಯಲ್ಲಿ ಅಚ್ಚು ಎಷ್ಟು ಬಾಗುವುದೆಂಬುದನ್ನು ಈತನು ಮೊದಲು ಅಳೆದನು. ಬಂಡಿಯು ಓಡುವಾಗ ಸತುವಿನ ತಗಡಿನ ಮೇಲೆ ಸೂಜಿಯು ತಾನೇ ಗೆರೆ ಕೊರೆಯುವಂತೆ ಉಪಕರಣವನ್ನು ಹೂಡಿದನು. ತರುವಾಯ ಯಂತ್ರಗಳನ್ನು ಕಟ್ಟಿ, ಸರಳುಗಳನ್ನು ತಿರುಗಿಸುತ್ತ, ಬಾಗಿಸುತ್ತ, ಎಳೆಯುತ್ತ, ೧೮೭೦ರವರೆಗೆ ಪ್ರಯೋಗಗಳನ್ನು ನಡೆಸಿದನು.

ತಿರುಗುವ ಅಚ್ಚಿನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಬಂಡಿಯ ಭಾರದಿಂದ ಅಚ್ಚು ತುಸು ಬಾಗುವುದು. ಬಾಗಿದ ಕಡ್ಡಿಯ ಉಬ್ಬಿದ ಮಗ್ಗುಲು ಎಳೆತದಲ್ಲಿರುವುದು, ತಗ್ಗಿದ ಮಗ್ಗುಲು ಒತ್ತಡದಲ್ಲಿರುವುದು. ಆದರೆ ಅಚ್ಚು ಸುತ್ತುತ್ತಿದೆ. ಈ ಕ್ಷಣ ಎಳೆತದಲ್ಲಿರುವ ಜಾಗ ಅರ್ಧ ಸುತ್ತಿನಲ್ಲಿ ಒತ್ತಡಕ್ಕೆ ಬರುವುದು, ಮತ್ತರ್ಧ ಸುತ್ತಿನಲ್ಲಿ ಎಳೆತಕ್ಕೆ ಹೋಗುವುದು. ಪ್ರತಿಯೊಂದು ಸುತ್ತಿಗೂ ಒಂದು ಸಲ ಹಿಗ್ಗಬೇಕು, ಒಂದು ಸಲ ಕುಗ್ಗಬೇಕು. ಮೈಸೂರಿನಿಂದ ಬೆಂಗಳೂರಿಗೆ ರೈಲಿನ ದಾರಿ ಸುಮಾರು ೮೬ ಮೈಲಿ. ಗಾಲಿಯ ವ್ಯಾಸ ೩ ಅಡಿಯೆಂದಿಟ್ಟುಕೊಂಡರೆ ಮೈಲಿಗೆ ಸುಮಾರು ೫೬೦ ಸುತ್ತು. ಊರು ಮುಟ್ಟುವುದರೊಳಗೆ ಸುಮಾರು ೪೮,೦೦೦ ಸುತ್ತು. ದಿನಕ್ಕೊಮ್ಮೆ ಹೋಗಿಬಂದು ವರ್ಷಕ್ಕೆ ೩೦೦ ದಿನ ದುಡಿಯುವ ಅಚ್ಚು ಒಂದೇ ವರ್ಷದಲ್ಲಿ ೨ ಕೋಟಿ ೮೮ ಲಕ್ಷ ಸಲ ಹಿಗ್ಗಿ ಕುಗ್ಗಿರುವುದು. ಒಂದು ಕಬ್ಬಿಣದ ತಂತಿಯನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಗ್ಗಿಸಿ ಮುರಿದ ಮಕ್ಕಳೆಲ್ಲರೂ ಈ ಶಾಸ್ತ್ರದ ಮೊದಲ ಪ್ರಯೋಗವನ್ನು ಮಾಡಿದವರೇ. ಅಚ್ಚಿನ ಬಾಗು ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಸಂಖ್ಯೆ ಕೋಟಿ.

ವೋಲರನು ಕಂಡುಕೊಂಡ ಮುಖ್ಯವಾದ ಸಂಗತಿ ಇದು. ಒಂದೇ ಸಲ ಎಳೆದು ಮುರಿಯಲು ಬೇಕಾಗುವ ಬಲಕ್ಕಿಂತ ಎಷ್ಟೋ ಕಡಮೆಯಾದ ಬಲವೂ ಮತ್ತೆ ಮತ್ತೆ ಬಿದ್ದರೆ ಮುರಿಯಬಲ್ಲುದು. ಮುರಿಯುವುದನ್ನು ನಿರ್ಧರಿಸುವುದು ಬಲದ ತುಟ್ಟತುದಿಯೊಂದೇ ಅಲ್ಲ. ಅದು ಎಲ್ಲಿಂದ ಎಲ್ಲಿಗೆ ತೂಗಾಡುವುದೆಂಬ ಅಂತರವೇ ಹೆಚ್ಚಾಗಿ ನಿರ್ಧರಿಸುವುದು. ಒಂದೇ ಕಡೆಗೆ ಎಳೆದು ಬಿಡುವ ಬಲಕ್ಕಿಂತ, ಎಳೆತದಿಂದ ಒತ್ತಡಕ್ಕೆ ಪೂರ್ತಿ ಮಗುಚಿ ಬೀಳುವ ಬಲ ಲೋಹಕ್ಕೆ ಹೆಚ್ಚು ಕೇಡು. ಇನ್ನು, ತೂಗಾಟದ ಅಂತರವು ಅಷ್ಟೇ ಇದ್ದು, ಒಟ್ಟು ತೂಗಾಟವೇ ಎಳೆತದ ಕಡೆಗೆ ಸರಿದಿದ್ದರೆ ಬಿರುಕು ಬೇಗ ಹುಟ್ಟುವುದು. ಒತ್ತಡದ ಕಡೆಗೆ ಸರಿದಿದ್ದರೆ ತಡವಾಗಿ ಹುಟ್ಟುವುದು, ಇಲ್ಲವೆ ಹುಟ್ಟಿಯೂ ಬಾಯಿ ತೆರೆಯದೆ ಮಲಗಿರುವುದು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಂದು ವಿಮಾನದ ಕಥೆಯಲ್ಲಿ ಅದು ಮತ್ತೆ ಬರುವುದು. ಕಬ್ಬಿಣ ಉಕ್ಕುಗಳಲ್ಲಿ ತೂಗಾಟವು ಒಂದು ಮಿತಿಯೊಳಗಿದ್ದರೆ ಎಷ್ಟು ಕಾಲವಾದರೂ ಮುರಿಯದೆಂದು ಆತನ ಪ್ರಯೋಗಗಳು ತೋರಿದುವು. ನೂರು ಕೋಟಿ ಸಲಕ್ಕೂ ಮಿಕ್ಕಿದ ತೂಗಾಟದಲ್ಲಿ ಗಡುಸಾದ ಉಕ್ಕು ತನ್ನ ಒಳಗಡೆಯೇ, ಎರಕದ ವೇಳೆ ಸಿಕ್ಕಿಕೊಂಡ ಕಿಟ್ಟದ ಕಣವೊಂದರಿಂದ ಬಿರಿಯಬಹುದೆಂದು ಈಚಿನ ಪ್ರಯೋಗಗಳಿಂದ ತಿಳಿದುಬಂದಿರುವುದರಿಂದ, ಆ ಅಭಯವಾಕ್ಯವನ್ನು ಈಗ ಅಷ್ಟು ಧಾರಾಳವಾಗಿ ಹೇಳುವಂತಿಲ್ಲ. ಅಲ್ಯುಮಿನಿಯಂ ವಿಷಯದಲ್ಲಂತೂ ಅಂತಹ ಮಿತಿಯೇ ಇಲ್ಲ.

ಈ ವ್ಯಾಪಾರಕ್ಕೆ ಲೋಹದ ದಣಿವು ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತು. ಹೆಸರು ಸೊಗಸಾಗಿದೆ, ಆದರೆ ನನಗೆ ಅದು ಅಷ್ಟು ಹಿಡಿಸದು. ದಣಿದ ಎತ್ತು ರಾತ್ರಿ ಹುಲ್ಲು ತಿಂದು ಮಲಗಿದರೆ ಬೆಳಗ್ಗೆ ಮತ್ತೆ ನೊಗಕ್ಕೆ ಹೆಗಲು ಕೊಡುವುದು. ಲೋಹಕ್ಕೆ ವಿಶ್ರಾಂತಿಯಿಂದ ಯಾವ ಉಪಶಮನವೂ ಇಲ್ಲ. ದಣಿದ ಎತ್ತಿನ ಮೈಯೆಲ್ಲ ದಣಿದಿರುವುದು. ದಣಿದ ಅಚ್ಚಿನಲ್ಲಾದರೋ ಸಾಸಿವೆಯಷ್ಟು ಜಾಗದ ಹೊರತು ಉಳಿದುದೆಲ್ಲವೂ ಮೊದಲಿನಷ್ಟೇ ಗಟ್ಟಿ. ಮುರಿದ ಅಚ್ಚಿನಿಂದ ಒಂದು ತುಂಡು ಕೊಯ್ದು ಪರೀಕ್ಷಿಸಿದರೆ ಅದು ಒಳ್ಳೆಯ ಉಕ್ಕೆಂದೇ ಪ್ರಮಾಣಪತ್ರ ದೊರೆಯುವುದು. ಅಪಘಾತಗಳ ವಿಚಾರಣೆಯಲ್ಲಿ ಎಷ್ಟೋ ಮಂದಿ ಇದರಿಂದಲೇ ದಾರಿತಪ್ಪಿದರು.

ಆ ಸಾಸಿವೆಯಷ್ಟು ಜಾಗದಲ್ಲಿ ನಡೆಯುವುದೇನು? ಇದನ್ನು ಮೊದಲು ಕಣ್ಣಾರೆ ಕಂಡವರು ಇಂಗ್ಲೆಂಡಿನ ಯೂಯಿಂಗ್ ಮತ್ತು ಹಂಫ್ರಿ, ಇಸವಿ ೧೯೦೩. ಅವರು ಸ್ವೀಡನ್ನಿನ ಶುದ್ಧವಾದ ಕಬ್ಬಿಣವನ್ನು ಕನ್ನಡಿಯಂತೆ ಉಜ್ಜಿ, ಬಾಗಿಸುವ ಯಂತ್ರದಲ್ಲಿಟ್ಟು, ನಡುನಡುವೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವು ಸಾವಿರ ಸಲ ಬಾಗಿದಮೇಲೆ ಅಲ್ಲೊಂದು ಇಲ್ಲೊಂದು ಹರಳಿನ ಮೇಲೆ ಸಣ್ಣ ಕಪ್ಪು ಗೆರೆಗಳು ಮೂಡಿದುವು. ಇಸ್ಪೀಟು ಎಲೆಗಳ ಕಟ್ಟನ್ನು ಮೇಜಿನ ಮೇಲೆ ಓರೆಯಾಗಿ ತಳ್ಳಿದರೆ ಎಲೆಯ ಮೇಲೆ ಎಲೆ ಜಾರುವುದಷ್ಟೆ. ಹರಳಿನೊಳಗಿನ ಪದರಗಳೂ ಹಾಗೆಯೇ ಜಾರುವುವು. ಎಳೆತದ ದಿಕ್ಕಿಗೆ ಓರೆಯಾಗಿರುವ ಪದರಗಳಲ್ಲಿ ಈ ಜಾರುವಿಕೆ ಹೆಚ್ಚು. ಎಳೆದಾಗ ಜಾರಿದ ಪದರವು ಒತ್ತಿದಾಗ ತನ್ನ ಹಳೆಯ ಸ್ಥಾನಕ್ಕೇ ಸರಿಯಾಗಿ ಬಂದು ಕುಳಿತಿದ್ದರೆ ತೊಂದರೆಯಿರಲಿಲ್ಲ. ಅದು ಹಾಗೆ ಬಂದು ಕೂರುವುದಿಲ್ಲ. ಕೂದಲೆಳೆಯ ದಪ್ಪದಲ್ಲಿ ನೂರನೆಯ ಒಂದು ಪಾಲಿನಷ್ಟು ಇಲ್ಲಿ ಉಬ್ಬು, ಅಲ್ಲಿ ತಗ್ಗು ಉಳಿದುಬಿಡುವುದು. ಸಾವಿರ ಸಲ, ಲಕ್ಷ ಸಲ ನಡೆದಂತೆ ಗೆರೆಯು ಪಟ್ಟೆಯಾಗಿ ಅಗಲಿಸುವುದು. ಪಟ್ಟೆಯ ತಗ್ಗು ಆಳವಾಗುವುದು. ಒಂದು ದಿನ ಆ ತಗ್ಗೇ ಬಿರುಕು. ೧೯೫೩ರಲ್ಲಿ ಫಾರ್ಸಿತ್ ಎಂಬ ವಿಜ್ಞಾನಿಯು, ಅಲ್ಯುಮಿನಿಯಂ ಮಿಶ್ರಲೋಹವೊಂದರ ಇಂತಹ ಪಟ್ಟೆಗಳಿಂದ ಲೋಹವು ತೆಳುವಾದ ಹಾಳೆಯಾಗಿ ಹೊರಕ್ಕೆ ಒಸರಿ ಬಂದಿರುವುದನ್ನು ಕಂಡು ವರದಿಮಾಡಿದನು. ಹುಟ್ಟಿದ ಬಿರುಕು ಮೊದಲು ಓರೆಯಾಗಿ ಒಂದೆರಡು ಹರಳುಗಳಷ್ಟು ದೂರ ತೆವಳಿ, ಅನಂತರ ದಿಕ್ಕು ಬದಲಾಯಿಸಿ ಎಳೆತಕ್ಕೆ ನೇರ ಅಡ್ಡವಾಗಿ ಸಾಗತೊಡಗುವುದು. ಆಗ ಅದು ವರ್ತಕನ ಕೈಯಲ್ಲಿನ ಬಟ್ಟೆ.

ಎಳೆತ ಸೌಮ್ಯವಾಗಿದ್ದು ಮೇಲ್ಮೈ ನಯವಾಗಿದ್ದರೆ ವಸ್ತುವಿನ ಆಯುಸ್ಸಿನ ಬಹುಪಾಲು ಈ ಮೊದಲ ಅಂಕದಲ್ಲಿಯೇ ಕಳೆಯುವುದು. ಒರಟಾದ ಮೇಲ್ಮೈ, ಚೂಪಾದ ಮೂಲೆ, ಗೀರು ಇವು ಆ ಅಂಕವನ್ನು ನುಂಗಿಬಿಡುವುವು. ಬಿರುಕು ಹೆಚ್ಚಾಗಿ ಮೇಲ್ಮೈಯಲ್ಲಿ ಹುಟ್ಟುವುದರಿಂದ ಮೇಲ್ಮೈಯ ಸ್ಥಿತಿಯೇ ಇಲ್ಲಿ ಸರ್ವಸ್ವ. ಅಲ್ಲಿಗೆ ನೀರು, ಉಪ್ಪುಗಾಳಿ, ತುಕ್ಕು ಸೇರಿದರೆ ಕೇಳಬೇಕಾದುದೇ ಇಲ್ಲ. ಅಮೆರಿಕದ ಓಹಾಯೋ ನದಿಯ ಮೇಲೆ ೧೯೨೮ರಲ್ಲಿ ತೆರೆದ ಸಿಲ್ವರ್ ಬ್ರಿಡ್ಜ್ ಎಂಬ ತೂಗುಸೇತುವೆಯು ೧೯೬೭ರ ಡಿಸೆಂಬರ್ ೧೫ರ ಸಂಜೆ ವಾಹನಗಳ ಸಮೇತ ನದಿಗೆ ಬಿದ್ದು ೪೬ ಮಂದಿ ತೀರಿಹೋದರು. ತೂಗುವ ಸರಪಣಿಯ ಒಂದು ಉಕ್ಕಿನ ಕೊಂಡಿಯ ಕಣ್ಣಿನ ಒಳಮೈಯಲ್ಲಿ, ಬಣ್ಣ ಬಳಿಯಲೂ ನೋಡಲೂ ಕೈಗೆಟುಕದ ಜಾಗದಲ್ಲಿ, ತುಕ್ಕು ಮತ್ತು ಎಳೆತ ಎರಡೂ ಕೂಡಿ ಒಂದು ಬಿರುಕನ್ನು ಹುಟ್ಟಿಸಿದ್ದುವು. ಆಳ ಸುಮಾರು ಒಂದಂಗುಲದ ಹತ್ತನೆಯ ಒಂದು ಭಾಗ. ಅಷ್ಟಕ್ಕೇ ಆ ಕೊಂಡಿ ಮುರಿಯಿತು.

ಈಗ ವಿಮಾನದ ಕಥೆ. ೧೯೫೨ರ ಮೇ ತಿಂಗಳಲ್ಲಿ ಬ್ರಿಟನ್ನಿನ ಕಾಮೆಟ್ ವಿಮಾನವು ಪ್ರಯಾಣಿಕರನ್ನು ಹೊತ್ತು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಹಾರಿತು. ಜೆಟ್ ಯಂತ್ರದಿಂದ ಹಾರುವ ಪ್ರಯಾಣಿಕರ ವಿಮಾನಸೇವೆ ಜಗತ್ತಿನಲ್ಲಿ ಅದೇ ಮೊದಲು. ಅದು ಹಾರುತ್ತಿದ್ದ ಎತ್ತರದಲ್ಲಿ ಗಾಳಿ ಬಹಳ ತೆಳು; ಆದುದರಿಂದ ಒಳಗೆ ಗಾಳಿಯನ್ನು ತುಂಬಿ ಉಸಿರಾಟಕ್ಕೆ ತಕ್ಕ ವಾಯುಭಾರವನ್ನು ಕಾಯ್ದುಕೊಳ್ಳಬೇಕು. ಒಳಗಿನ ಭಾರ ಹೊರಗಿನದಕ್ಕಿಂತ ಚದರ ಅಂಗುಲಕ್ಕೆ ಸುಮಾರು ೮¼ ಪೌಂಡು ಹೆಚ್ಚು. ಏರಿದಾಗಲೆಲ್ಲ ವಿಮಾನದ ಮೈ ಉಬ್ಬುವುದು, ಇಳಿದಾಗಲೆಲ್ಲ ಸಡಿಲಿಸುವುದು. ಅಚ್ಚಿಗೆ ಸುತ್ತು ಹೇಗೋ ಕಾಮೆಟಿಗೆ ಹಾರಾಟ ಹಾಗೆ.

೧೯೫೪ರ ಜನವರಿ ೧೦ರಂದು ರೋಮಿನಿಂದ ಹೊರಟ ಒಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆದು ೩೫ ಮಂದಿ ಸತ್ತರು. ಹಾರಾಟವನ್ನು ನಿಲ್ಲಿಸಿ, ಏನೇನೋ ತಿದ್ದಿ, ಮತ್ತೆ ಆರಂಭಿಸಿದರು. ಏಪ್ರಿಲ್ ೮ರಂದು ಇನ್ನೊಂದು, ರೋಮಿನಿಂದ ಕೈರೋವಿಗೆ ಹೋಗುತ್ತಿದ್ದುದು, ನೇಪಲ್ಸಿನ ಬಳಿ ಸಮುದ್ರಕ್ಕೆ ಬಿದ್ದು ೨೧ ಮಂದಿ ಸತ್ತರು. ಮೊದಲನೆಯದು ಹಾರಿದ್ದುದು ಸುಮಾರು ೧,೨೯೦ ಸಲ, ಎರಡನೆಯದು ಸುಮಾರು ೯೦೦ ಸಲ. ಫಾರ್ನ್‌ಬರೋವಿನ ವಿಜ್ಞಾನಿಗಳು ಇನ್ನೊಂದು ಕಾಮೆಟನ್ನು ಇಡಿಯಾಗಿ ನೀರಿನ ತೊಟ್ಟಿಯಲ್ಲಿಟ್ಟು, ಒಳಗೂ ನೀರು ತುಂಬಿ, ಭಾರವನ್ನು ಏರಿಸಿ ಇಳಿಸತೊಡಗಿದರು. ಗಾಳಿಯನ್ನು ತುಂಬಿದ್ದರೆ ಒಡೆದಾಗ ಸಿಡಿಗುಂಡಿನಂತೆ ಎಲ್ಲವೂ ಚೂರಾಗಿ ಮೊದಲ ಬಿರುಕಿನ ಗುರುತೇ ಸಿಕ್ಕುತ್ತಿರಲಿಲ್ಲ; ನೀರಿನಲ್ಲಿ ಆ ಭಯವಿಲ್ಲ. ಹಿಂದೆ ಹಾರಿದ್ದುದೂ ತೊಟ್ಟಿಯಲ್ಲಿ ನಡೆದುದೂ ಸೇರಿ ಸುಮಾರು ೩,೦೬೦ ಸಲವಾದಾಗ ಕಿಟಕಿಯೊಂದರ ಮೂಲೆಯಿಂದ ಮೈ ಸೀಳಿತು. ಆ ಮೂಲೆಯ ಬಳಿ ಎಳೆತವು ಲೋಹವನ್ನು ಒಮ್ಮೆಗೇ ಹರಿಯುವ ಬಲದ ನೂರಕ್ಕೆ ಎಪ್ಪತ್ತರಷ್ಟಿದ್ದಿತೆಂದು ಅಳತೆಯಿಂದ ತಿಳಿಯಿತು. ಎಲ್ಬಾ ಬಳಿ ಸಮುದ್ರದ ತಳದಿಂದ ಎತ್ತಿದ ಅವಶೇಷದಲ್ಲಿಯೂ ಬಿರುಕು ಹುಟ್ಟಿದ್ದುದು, ಮೇಲ್ಛಾವಣಿಯ ಒಂದು ಕಿಂಡಿಯ ಮೂಲೆಯಲ್ಲಿದ್ದ ಸಣ್ಣ ತೂತಿನಿಂದ. ಕಿಂಡಿಯ ಮೂಲೆ ಒಂದು ಕಚ್ಚು. ಆ ಮೂಲೆಯಲ್ಲಿನ ತೂತು ಕಚ್ಚಿನೊಳಗಿನ ಕಚ್ಚು.

ಇಷ್ಟಾದರೆ ಕಥೆ ಸರಳವಾಗಿರುತ್ತಿತ್ತು. ಆದರೆ ತಯಾರಕರು ಅಲಕ್ಷ್ಯದಿಂದಿರಲಿಲ್ಲ. ಅವರು ಮೊದಲೇ ಕಾಮೆಟಿನ ಮುಂಭಾಗವೊಂದನ್ನು ಕಟ್ಟಿ, ಹದಿನಾರು ಸಾವಿರಕ್ಕೂ ಮಿಕ್ಕಿ ಸಲ ಭಾರ ತುಂಬಿ ಪರೀಕ್ಷಿಸಿದ್ದರು. ಅದು ಅಷ್ಟು ಸಲವನ್ನೂ ತಡೆದಿತ್ತು. ಪರೀಕ್ಷೆಯಲ್ಲಿ ಹದಿನಾರು ಸಾವಿರ ಸಲ ತಡೆದ ಮೈ ಆಕಾಶದಲ್ಲಿ ಸಾವಿರದ ಆಸುಪಾಸಿನಲ್ಲಿ ಒಡೆದುದೇಕೆ?

ಕಾರಣವು ಪರೀಕ್ಷೆಯ ಶ್ರದ್ಧೆಯಲ್ಲಿಯೇ ಅಡಗಿತ್ತು. ಆ ಭಾಗವನ್ನು ಇದಕ್ಕೆ ಮುಂಚೆ ಇನ್ನೊಂದು ಪರೀಕ್ಷೆಗೆ ಗುರಿಮಾಡಿದ್ದರು: ಹಾರಾಟದಲ್ಲಿ ಬರುವ ಭಾರದ ಎರಡರಷ್ಟರವರೆಗೆ ತುಂಬಿ, ಒಡೆಯುವುದೋ ಇಲ್ಲವೋ ಎಂದು ನೋಡಿದ್ದರು. ಒಡೆಯಲಿಲ್ಲ. ಆದರೆ ಕಿಟಕಿಗಳ ಮೂಲೆಗಳಲ್ಲಿ, ಎಳೆತ ಅತಿಯಾಗಿದ್ದ ಅಲ್ಪ ಜಾಗದಲ್ಲಿ, ಲೋಹ ತನ್ನ ಸ್ಥಿತಿಸ್ಥಾಪಕ ಗುಣವನ್ನು ಮೀರಿ ಶಾಶ್ವತವಾಗಿ ತುಸು ಹಿಗ್ಗಿತು. ಸುತ್ತಲಿನ ಲೋಹ ಹಿಗ್ಗಿರಲಿಲ್ಲ. ಭಾರ ಇಳಿದಾಗ ಅದು ತನ್ನ ಮೊದಲಿನ ಅಳತೆಗೆ ಹಿಂದಿರುಗುತ್ತ ನಡುವೆ ಹಿಗ್ಗಿದ್ದ ಜಾಗವನ್ನು ಅದುಮಿ ಹಿಡಿಯಿತು. ನಮ್ಮ ಕಮ್ಮಾರನು ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರೆರೆಯುವುದನ್ನು ನೋಡಿದವರಿಗೆ ಇದು ತಿಳಿಯುವುದು; ಪಟ್ಟಿ ಕುಗ್ಗಿ, ಹೊರೆ ಬೀಳುವುದಕ್ಕೆ ಮೊದಲೇ ಮರವನ್ನು ಬಿಗಿಹಿಡಿಯುವುದು. ಹಾಗೆ ಆ ಮೂಲೆಗಳು ಆಗಲೇ ಒತ್ತಡದಲ್ಲಿದ್ದುವು. ಮುಂದೆ ಭಾರ ತುಂಬಿದಾಗಲೆಲ್ಲ ಎಳೆತವು ಮೊದಲು ಆ ಒತ್ತಡವನ್ನು ತೀರಿಸಿ ಅನಂತರ ತಲೆಯೆತ್ತಬೇಕಾಗಿತ್ತು. ತೂಗಾಟದ ಅಂತರ ಅದೇ. ಆದರೆ ಅದು ಒತ್ತಡದ ಕಡೆಗೆ ಸರಿದಿತ್ತು. ವೋಲರನ ಕಾಲದಿಂದ ಬಂದ ಆ ಮಾತನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಂಡುದು ಇದಕ್ಕಾಗಿ. ಪರೀಕ್ಷೆಯ ತುಂಡಿಗೆ ಕಟುವಾದ ಪರೀಕ್ಷೆಯೇ ಕವಚವಾಯಿತು. ಜನರನ್ನು ಹೊತ್ತು ಹಾರಿದ ವಿಮಾನಗಳಿಗೆ ಆ ಕವಚವಿರಲಿಲ್ಲ. ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಮೈ ನಡುಗುವುದು. ಮೋಸಮಾಡಿದವರು ಯಾರೂ ಇಲ್ಲ, ಸೋಮಾರಿಗಳೂ ಇಲ್ಲ, ಆದರೂ ಸಂಖ್ಯೆ ಸುಳ್ಳು ಹೇಳಿತು. ಆಮೇಲೆ ಒಂದೇ ತುಂಡಿನ ಮೇಲೆ ಎರಡೂ ಪರೀಕ್ಷೆಗಳನ್ನು ಹೀಗೆ ಬೆರೆಸುವುದನ್ನು ಬಿಟ್ಟರು.

ಅರಿಯದೆ ಬಂದು ಅಲ್ಲಿ ಮೋಸಗೊಳಿಸಿದ ಆ ಕವಚವನ್ನೇ ಅರಿತು ತೊಡಿಸಿದರೆ ಅದು ಮಿತ್ರ. ೧೯೩೦ರ ದಶಕದಲ್ಲಿಯೇ ಅಮೆರಿಕದ ಮೋಟಾರು ತಯಾರಕರು ಸ್ಪ್ರಿಂಗುಗಳ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಆಲಿಕಲ್ಲಿನ ಮಳೆಯಂತೆ ರಭಸದಿಂದ ಎರಚುವ ಕ್ರಮವನ್ನು ಬಳಕೆಗೆ ತಂದರು. ಒಂದೊಂದು ಗುಂಡೂ ಮೇಲ್ಮೈಯನ್ನು ಒಂದಿಷ್ಟು ತಟ್ಟಿ ಹರಡುವುದು. ಒಳಗಿನ ಲೋಹ ಅದನ್ನು ಅದುಮಿ ಹಿಡಿಯುವುದು. ಮೇಲ್ನೋಟಕ್ಕೆ ಸ್ಪ್ರಿಂಗಿನ ನಯ ಕೆಟ್ಟಿತು, ಮೈಯೆಲ್ಲ ಸಿಡುಬಿನ ಕಲೆಯಂತಾಯಿತು. ಆದರೆ ಆಯುಸ್ಸು ಬಹಳ ಹೆಚ್ಚಿತು. ವಿಮಾನದ ಎಷ್ಟೋ ಭಾಗಗಳಿಗೆ ಈಗ ಈ ಸಂಸ್ಕಾರ ನಡೆಯುವುದು.

ಇನ್ನು ನಮ್ಮ ಕಂದೀಲಿನ ಆಳಿನ ಮಾತು. ಆತನ ಕಿವಿಗೆ ಕೇಳುತ್ತಿದ್ದುದು ಬೆಳೆದು ದೊಡ್ಡದಾದ ಬಿರುಕು ಮಾತ್ರ. ಅಚ್ಚಿನ ಬಿರುಕು ಹುಟ್ಟಲು ಬಹಳ ಇಷ್ಟಪಡುವ ಒಂದು ಜಾಗವುಂಟು: ಗಾಲಿಯ ಗುಂಬದೊಳಗೆ ಅಚ್ಚನ್ನು ಬಲವಾಗಿ ಅದುಮಿ ಕೂರಿಸಿರುವ ಎಡೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಲೋಹವೆನ್ನುವಂತೆ ಬಿಗಿಯಾಗಿರುವುದು. ಆದರೆ ಅಚ್ಚು ಬಾಗಿದಾಗಲೆಲ್ಲ ಗುಂಬದ ಅಂಚಿನಲ್ಲಿ ಅದು ಕೂದಲೆಳೆಯಷ್ಟೂ ಅಲ್ಲದಷ್ಟು ಉಜ್ಜಾಡುವುದು. ಉಜ್ಜಿದಲ್ಲಿ ಮೈ ತರಚಿ ಕೆಂಪು ಪುಡಿ ಏಳುವುದು. ತರಚಿದಲ್ಲಿ, ಪ್ರತಿಬಲವೂ ಹೆ‌ಚ್ಚಿರುವ ಅದೇ ಅಂಚಿನಲ್ಲಿ, ಬಿರುಕು ಮೊದಲಾಗುವುದು. ಅದು ಗಾಲಿಯ ಮರೆಯಲ್ಲಿರುವುದರಿಂದ ಕಣ್ಣಿಗೆ ಕಾಣದು; ಚಿಕ್ಕದಾಗಿರುವಾಗ ಸುತ್ತಿಗೆಗೂ ಕೇಳದು. ಈಗ ರೈಲ್ವೆಯ ಕಾರ್ಖಾನೆಗಳಲ್ಲಿ ಅಚ್ಚಿನ ತುದಿಗೆ ಒಂದು ಸಣ್ಣ ಉಪಕರಣವನ್ನು ತಾಗಿಸಿ, ಮನುಷ್ಯನ ಕಿವಿಗೆ ನಿಲುಕದ ಶಬ್ದತರಂಗಗಳನ್ನು ಒಳಕ್ಕೆ ಕಳುಹಿಸುವರು. ಬಿರುಕಿದ್ದರೆ ಅಲ್ಲಿಂದ ಪ್ರತಿಧ್ವನಿ ಹಿಂದಿರುಗುವುದು. ಹಿಂದಿರುಗಲು ಹಿಡಿದ ಕಾಲದಿಂದ ಬಿರುಕು ತುದಿಯಿಂದ ಎಷ್ಟು ದೂರವೆಂಬುದು ತಿಳಿಯುವುದು. ಪರೀಕ್ಷಕನು ಆ ಪ್ರತಿಧ್ವನಿಯ ಪಟದಲ್ಲಿ ಮೊದಲು ನೋಡುವುದು ಗುಂಬದ ಅಂಚು ಬರುವ ದೂರವನ್ನು, ಆಮೇಲೆ ಕುತ್ತಿಗೆಯ ದುಂಡು ಮೂಲೆ ಬರುವ ದೂರವನ್ನು.